ಮೂರು ನಳಿಗೆಯ ಕೋವಿಗೆ ಸಣ್ಣ ಕ್ಯಾಲಿಬರಿನ ಒಳನಳಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಜರ್ಮನಿಯ ಬವೇರಿಯಾದಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ ಅಲ್ಲಿನ ಬೇಟೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹಿರಿಯ ಬೇಟೆಗಾರರೊಬ್ಬರಿಂದ ಹಳೆಯ ‘ಡ್ರಿಲ್ಲಿಂಗ್’ ಕೋವಿಯೊಂದನ್ನು ಕೊಂಡಿದ್ದಾನೆ. ಮೇಲೆ ಎರಡು ಚರೆ ನಳಿಗೆ, ಕೆಳಗೆ 9.3×74ಆರ್ ಎಂಬ ದೊಡ್ಡ ತೋಟೆಯ ರೈಫಲ್ ನಳಿಗೆ. ಬಲಗಡೆಯ ಚರೆ ನಳಿಗೆಯೊಳಗೆ ಸಣ್ಣ ರೈಫಲ್ ನಳಿಗೆಯೊಂದನ್ನು ಕೂರಿಸಿಕೊಂಡು ನರಿ ಹೊಡೆಯುತ್ತಾರೆಂದು ಹೇಳುತ್ತಾನೆ. ಇದು ನಿಜವೇ? ಇಷ್ಟೆಲ್ಲ ತಾಪತ್ರಯ ಏತಕ್ಕೆ?
– ಓದುಗರು, ಗೋಣಿಕೊಪ್ಪಲು

ಉತ್ತರ: ನಿಜ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಇದು ಬಹುಕಾಲದಿಂದ ರೂಢಿಯಲ್ಲಿದೆ. ಉಲ್ಮ್ ನಗರದ ಕ್ರೀಗ್‌ಹೋಫ್‌ನಂತಹ ಕೋವಿ ತಯಾರಕರೇ ಇಂತಹ ಒಳನಳಿಗೆಗಳನ್ನು ಮಾಡಿ ಮಾರಿದ್ದಾರೆ. ಅಲ್ಲಿನ ಬೇಟೆಗಾರ ಸಂಜೆ ಅಟ್ಟಣೆ ಹತ್ತಿ ಕುಳಿತಾಗ ಕಾಡಂಚಿಗೆ ಬರುವುದು ಹಂದಿಯೋ, ರೋ ಜಿಂಕೆಯೋ, ನರಿಯೋ ಎಂಬುದು ಅವನಿಗೆ ಮೊದಲೇ ತಿಳಿದಿರುವುದಿಲ್ಲ. 9.3×74ಆರ್ ತೋಟೆಯ ಗುಂಡು ಸುಮಾರು 18.5 ಗ್ರಾಂ ತೂಗುತ್ತದೆ ಮತ್ತು ನಳಿಗೆಯ ಬಾಯಲ್ಲಿ 4,000 ಜೌಲ್‌ಗೂ ಮಿಕ್ಕಿದ ಶಕ್ತಿ ಹೊಂದಿರುತ್ತದೆ. ಹಂದಿಗೆ ಅದು ಸರಿ, ಆದರೆ ಆರೇಳು ಕಿಲೋ ತೂಕದ ನರಿಗೆ ತಗುಲಿದರೆ ತುಪ್ಪಳವೆಂದು ಕರೆಯಬಹುದಾದದ್ದು ಏನೂ ಉಳಿಯುವುದಿಲ್ಲ. ಚರೆಯಾದರೋ ಮೂವತ್ತೈದು ಮೀಟರಿನಾಚೆ ನಂಬತಕ್ಕದ್ದಲ್ಲ. ಈ ನಡುವಿನ ತೆರಪನ್ನು ತುಂಬುವುದು ಒಳನಳಿಗೆಯಿಂದ ಹಾರಿಸುವ .22 ಹಾರ್ನೆಟ್‌ನಂತಹ ಸಣ್ಣ ತೋಟೆ: 1930ರ ಸುಮಾರಿಗೆ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಇದರ ಗುಂಡು ಮೂರು ಗ್ರಾಂ ಕೂಡ ತೂಗುವುದಿಲ್ಲ, ಶಕ್ತಿ ಸುಮಾರು 1,000 ಜೌಲ್, ನೂರು ಮೀಟರಿನ ಆಸುಪಾಸಿನಲ್ಲಿ ನರಿಗೆ ಧಾರಾಳ ಸಾಕು.

ಆದರೆ ಇದೇ ಒಳನಳಿಗೆಯಿಂದ ರೋ ಜಿಂಕೆಗೆ ಗುರಿಯಿಡುವಂತಿಲ್ಲವೆಂದು ನಿಮ್ಮ ಸೋದರಳಿಯನಿಗೆ ನೆನಪಿಸಿ. ಜರ್ಮನಿಯ ಬೇಟೆ ಕಾನೂನು ರೋ ಜಿಂಕೆಗೆ ನೂರು ಮೀಟರ್ ದೂರದಲ್ಲಿ ಕನಿಷ್ಠ 1,000 ಜೌಲ್ ಶಕ್ತಿಯನ್ನು ಕಡ್ಡಾಯ ಮಾಡಿದೆ. ಹಾರ್ನೆಟ್ ಅಷ್ಟು ದೂರ ಹೋಗುವಷ್ಟರಲ್ಲಿ ಅದರ ಬಲ ಸಾಕಷ್ಟು ಕುಗ್ಗಿರುತ್ತದೆ.

ಬಲ ನಳಿಗೆಯನ್ನೇ ಆರಿಸುವುದಕ್ಕೂ ಕಾರಣವಿದೆ. ಡ್ರಿಲ್ಲಿಂಗ್‌ಗೆ ಮೂರು ನಳಿಗೆಗಳಿದ್ದರೂ ಸಾಮಾನ್ಯವಾಗಿ ಟ್ರಿಗರುಗಳು ಎರಡೇ. ಮುಂದಿನ ಟ್ರಿಗರ್ ಬಲ ಚರೆ ನಳಿಗೆಯದು. ಹಿಡಿಯ ಮೇಲಿರುವ ಗುಂಡಿಯನ್ನು ಮುಂದಕ್ಕೆ ತಳ್ಳಿದರೆ ಅದೇ ಟ್ರಿಗರ್ ಕೆಳಗಿನ ರೈಫಲ್ ನಳಿಗೆಯನ್ನು ಹಾರಿಸುತ್ತದೆ. ಹಳೆಯ ಕೋವಿಗಳಲ್ಲಿ ನಾಜೂಕಿನ ಗುರಿಗಾಗಿ ಟ್ರಿಗರನ್ನು ಮುಂದಕ್ಕೊತ್ತಿ ಹಗುರ ಮಾಡಿಕೊಳ್ಳುವ ಏರ್ಪಾಡು ಇರುವುದೂ ಈ ಮುಂದಿನದಕ್ಕೆ. ಎಡ ನಳಿಗೆ ಎಂದಿನಂತೆ ಚರೆಗೆ ಉಳಿಯುತ್ತದೆ. ಅಂದರೆ ಅಟ್ಟಣೆಯಲ್ಲಿ ಕುಳಿತವನ ಕೈಯಲ್ಲಿ ಚರೆ, ಸಣ್ಣ ಗುಂಡು, ದೊಡ್ಡ ಗುಂಡು ಮೂರೂ ಸಿದ್ಧ. ಗುಂಡಿ ಎಲ್ಲಿದೆಯೆಂಬುದನ್ನು ಮರೆತು ನರಿಗೆ 9.3 ಹಾರಿಸಿದವರೂ ಉಂಟು, ಆ ಮಾತು ಬೇರೆ.

ಗುಂಡಿ ತಳ್ಳಿದಾಗ ನಳಿಗೆಯ ಮೇಲಿನ ಹಿಂಗುರಿಯ ಪಟ್ಟಿ ತಾನಾಗಿ ಎದ್ದು ನಿಲ್ಲುತ್ತದೆ, ಚರೆಯ ಸ್ಥಾನದಲ್ಲಿದ್ದಾಗ ಮಲಗಿರುತ್ತದೆ. ಒಳನಳಿಗೆಯನ್ನು ಹಾರಿಸುವುದು ಚರೆಯ ಸ್ಥಾನದಲ್ಲಿಯೇ ಆದ್ದರಿಂದ ಆ ಪಟ್ಟಿ ಉಪಯೋಗಕ್ಕೆ ಬಾರದು. ದುರ್ಬೀನು ಇಲ್ಲದ ಕೋವಿಗೆ ಒಳನಳಿಗೆ ಹಾಕಿಸುವುದು ಹಣ ದಂಡ ಎಂದೇ ನನ್ನ ಅಭಿಪ್ರಾಯ. ದುರ್ಬೀನನ್ನು ಕೆಳಗಿನ ರೈಫಲ್ ನಳಿಗೆಗೆ ಹೊಂದಿಸಿರುವುದರಿಂದ ಅದನ್ನು ಮುಟ್ಟದೆ ಒಳನಳಿಗೆಯನ್ನೇ ಅದರ ಗುರಿಗೆ ತರಬೇಕಾಗುತ್ತದೆ. ಉದ್ದನೆಯ ಒಳನಳಿಗೆಗಳ ಬಾಯಿಯ ಬಳಿ ಇದಕ್ಕೆಂದೇ ಹೊಂದಾಣಿಕೆಯ ವ್ಯವಸ್ಥೆ ಇರುತ್ತದೆ. ಕೋವಿ ಕೆಲಸದವರು ಹಲಗೆಗೆ ಹೊಡೆದು ನೋಡುತ್ತಾ ಕೂದಲೆಳೆಯಷ್ಟು ಸರಿಸುತ್ತಾ ಎರಡೂ ಗುಂಡುಗಳನ್ನು ಒಂದೆಡೆಗೆ ತರುತ್ತಾರೆ. ಸುಮಾರು ಒಂದು ಗೇಣು ಉದ್ದದ ಗಿಡ್ಡ ಒಳನಳಿಗೆಗಳು ಅಗ್ಗ ಮತ್ತು ಹಗುರ. ಉದ್ದನೆಯವು ಕೋವಿಯ ಮೂತಿಯನ್ನು ಭಾರವಾಗಿಸುತ್ತವೆ. ಆದರೂ ನೂರು ಮೀಟರಿನ ನರಿಗಾದರೆ ಉದ್ದನೆಯದೇ ಇರಲಿ.

ಪ್ರಶ್ನೆ: .22 ರಿಮ್‌ಫೈರ್ ತೋಟೆ ಇನ್ನೂ ಅಗ್ಗವಲ್ಲವೇ? ರೈಫಲ್ ನಳಿಗೆಯ ಕೋಣೆಗೆ ಒಂದು ಅಡಾಪ್ಟರ್ ಕೂರಿಸಿ ಅದನ್ನೇ ಹಾರಿಸಬಾರದೇಕೆ?
– ಓದುಗರು, ಬೆಂಗಳೂರು

ಉತ್ತರ: .22ರ 5.6 ಮಿಲಿಮೀಟರಿನ ಗುಂಡು 9.3 ಮಿಲಿಮೀಟರಿನ ನಳಿಗೆಯಲ್ಲಿ ಯಾವ ತಿರುಪನ್ನೂ ಹಿಡಿಯದೆ ಗೋಡೆಗೆ ತಾಕುತ್ತಾ ಹೊರಬೀಳುತ್ತದೆ. ತಿರುಗದ ಗುಂಡಿಗೆ ಗುರಿ ಎಂಬುದಿಲ್ಲ. ಗುಂಡಿನ ವ್ಯಾಸಕ್ಕೆ ತಕ್ಕ ಸ್ವಂತ ತಿರುಪು ಗೀರುಗಳಿರುವ ನಳಿಗೆ ಬೇಕೇ ಬೇಕು, ಅದನ್ನು ಕೂರಿಸಲು ಚರೆ ನಳಿಗೆಯಷ್ಟು ಅಗಲದ ಜಾಗ ಬೇಕು (12 ಬೋರಿನದಾದರೆ ಸುಮಾರು 18.5 ಮಿಲಿಮೀಟರ್). ಒಳನಳಿಗೆಗಳು ಚರೆ ನಳಿಗೆಯಲ್ಲಿ ವಾಸಿಸುವುದು ಇದರಿಂದಲೇ. ರಿಮ್‌ಫೈರ್‌ನಲ್ಲಿ ಇನ್ನೊಂದು ತೊಡಕಿದೆ: ಅದರ ಕಿಡಿ ಹೊತ್ತಿಸುವ ಮದ್ದು ತೋಟೆಯ ಬುಡದ ಅಂಚಿನಲ್ಲಿರುತ್ತದೆ, ಆದರೆ ಚರೆ ಕೋವಿಯ ಫೈರಿಂಗ್ ಪಿನ್ ನಡುವಿಗೆ ಬಡಿಯುತ್ತದೆ. ಹೀಗಾಗಿ ರಿಮ್‌ಫೈರ್ ಒಳನಳಿಗೆಗಳಲ್ಲಿ ರಂಧ್ರವನ್ನೇ ನಡುವಿನಿಂದ ಪಕ್ಕಕ್ಕೆ ಸರಿಸಿ ಮಾಡಿರುತ್ತಾರೆ. ಹಾರ್ನೆಟ್‌ಗೆ ಈ ಕಷ್ಟವಿಲ್ಲ.

ಪ್ರಶ್ನೆ: ಇಂತಹ ಒಳನಳಿಗೆಯನ್ನು ತರಿಸಿಕೊಂಡು ನಮ್ಮ ಮನೆಯ ಜೋಡುನಳಿಗೆ ಕೋವಿಗೆ ಹಾಕಿಸಬಹುದೇ? ನಮ್ಮದು ಜಮ್ಮಾ ಹಿಡುವಳಿ (ಕೊಡಗಿನ ವಂಶಪಾರಂಪರ್ಯದ ಜಮೀನು).
– ಓದುಗರು, ವಿರಾಜಪೇಟೆ

ಉತ್ತರ: ಬೇಡ. 1959ರ ಆಯುಧ ಕಾಯ್ದೆಯಲ್ಲಿ ಆಯುಧವೆಂದರೆ ಅದರ ಬಿಡಿಭಾಗಗಳೂ ಸೇರುತ್ತವೆ, ಆದ್ದರಿಂದ ನಳಿಗೆಯೊಂದನ್ನೇ ತರುವುದಕ್ಕೂ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅದನ್ನು ಹಿಡಿದುಕೊಂಡು ಆಮದಿಗಾಗಲಿ ಕ್ಯಾಲಿಬರ್ ಬದಲಾವಣೆಗಾಗಲಿ ಹೊರಡಬೇಡಿ. ಜರ್ಮನಿಯಲ್ಲಿಯೂ ಒಳನಳಿಗೆಗೆ ಅಧಿಕೃತ ಕೇಂದ್ರದಲ್ಲಿ ಸಿಡಿತದ ಪರೀಕ್ಷೆಯಾಗಿ ಮುದ್ರೆ ಬಿದ್ದಿರಬೇಕು. ಇನ್ನು ಹಾಕಿಸಿದರೂ ಇಲ್ಲಿ ಅದರಿಂದ ಹೊಡೆಯುವುದೇನನ್ನು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಾಡಿನ ಮೊಲಕ್ಕೂ ಕಾಡುಕೋಳಿಗೂ ರಕ್ಷಣೆಯಿದೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದಕ್ಕೆ ನಿಮ್ಮ ಹಳೆಯ ಕೋವಿಯೇ ಸಾಕು.