ನಿಮ್ಮ ಲೇಖನ 1954ರಿಂದ ಶುರುವಾಗಲಿ

ನಮಸ್ಕಾರ. ರೇಂಜ್‌ಫೈಂಡರ್ ಕ್ಯಾಮೆರಾಗಳ (ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವಂಥವು) ಪೈಪೋಟಿ ಕುರಿತ ನಿಮ್ಮ ‘ಲೈಕಾವನ್ನು ಸೋಲಿಸಿದ ಜಪಾನ್’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಒಳ್ಳೆಯ ಲೇಖನವೊಂದು ಇದರೊಳಗಿದೆ, ನಾಲ್ಕನೇ ಪುಟದಲ್ಲಿ ಅಡಗಿ ಕೂತಿದೆ.

ಮೊದಲ ಮೂರು ಪುಟಗಳಲ್ಲಿ ಬರೀ ಮಾಡೆಲ್ ಹೆಸರು, ಇಸವಿ. ಅಂಗಡಿಯ ದರಪಟ್ಟಿ ಓದಿದ ಹಾಗಾಯಿತು. ಜರ್ಮನಿಯ ಝೈಸ್ ಕಂಪನಿಯ 1936ರ ಕ್ಯಾಮೆರಾ ಕಾಂಟ್ಯಾಕ್ಸ್ 2 ಬಗ್ಗೆ ‘ಇದು ಸುಧಾರಿತ ಮಾದರಿ’ ಎಂದಷ್ಟೇ ಬರೆದಿದ್ದೀರಿ. ಏನು ಸುಧಾರಣೆ? ಅಲ್ಲಿಯವರೆಗೆ ಫೋಕಸ್ ಮಾಡಲು ಒಂದು ಕಿಂಡಿ, ಚೌಕಟ್ಟು ನೋಡಲು ಇನ್ನೊಂದು. ಕಣ್ಣು ಅಲ್ಲಿಂದ ಇಲ್ಲಿಗೆ ಸರಿಸುವಷ್ಟರಲ್ಲಿ ಎದುರಿಗಿದ್ದ ಮಗು ಓಡಿಹೋಗಿರುತ್ತದೆ. ಝೈಸ್‌ನವರು ಎರಡನ್ನೂ ಒಂದೇ ಕಿಂಡಿಗೆ ತಂದರು. ಜರ್ಮನಿಯದ್ದೇ ಆದ ಲೈಕಾ ಅಷ್ಟು ಮಾಡಿದ್ದು 1954ರ ಎಂ3ರಲ್ಲಿ. ಹದಿನೆಂಟು ವರ್ಷ ತಡ! ಇದನ್ನು ಬರೆಯದೆ ಪೈಪೋಟಿ ಅರ್ಥವಾಗೋದು ಹೇಗೆ?

‘ಜಪಾನಿನವರು ಸುಮ್ನೆ ಕಾಪಿ ಹೊಡೆದರು’ ಎಂಬ ಸಾಲು ತೆಗೆಯಿರಿ. ನಿಕಾನ್ ತನ್ನ ಮೊದಲ ಕ್ಯಾಮೆರಾಗಳಿಗೆ ಹೊರರೂಪವನ್ನೂ ಲೆನ್ಸ್ ಮೌಂಟನ್ನೂ (ಲೆನ್ಸ್ ಕೂರಿಸುವ ಬಾಯಿ) ಕಾಂಟ್ಯಾಕ್ಸ್‌ನಿಂದ ತೆಗೆದುಕೊಂಡಿತು. ಬೆಳಕು ಒಳಬಿಡುವ ಪರದೆ, ಅಂದರೆ ಶಟರ್ ಮಾತ್ರ ಲೈಕಾದ ಥರದ್ದು, ಬಟ್ಟೆಯದು. ಕಾಂಟ್ಯಾಕ್ಸ್‌ನ ಲೋಹದ ಶಟರ್ ಬಹಳ ಗೋಜಲು. ಆರಿಸಿ ತೆಗೆದುಕೊಳ್ಳೋದಕ್ಕೂ ತಲೆ ಬೇಕು, ಅಲ್ವಾ? ‘ಅಮೆರಿಕದ ಪತ್ರಕರ್ತರು ಮೆಚ್ಚಿದರು’ ಎಂದು ತೇಲಿಸಿ ಬಿಟ್ಟಿದ್ದೀರಿ. ಹೆಸರು ಹೇಳಿ: ಫೋಟೋ ಪತ್ರಕರ್ತ ಡೇವಿಡ್ ಡಗ್ಲಸ್ ಡಂಕನ್. 1950ರಲ್ಲಿ ಕೊರಿಯಾ ಯುದ್ಧದ ಫೋಟೋ ತೆಗೆದಾಗ ಅವರ ಲೈಕಾದಲ್ಲಿ ಇದ್ದದ್ದು ನಿಕಾನ್‌ನವರ ನಿಕ್ಕಾರ್ ಲೆನ್ಸ್. ಜರ್ಮನ್ ಕ್ಯಾಮೆರಾಕ್ಕೆ ಜಪಾನಿ ಕಣ್ಣು! ಇಂಥದ್ದು ಕೈಯಲ್ಲಿರುವಾಗ ಬೇರೆ ವಿಶೇಷಣ ಯಾಕೆ?

ಈಗ ನಾಲ್ಕನೇ ಪುಟ. ‘ಎಂ3 ಬಂದ ಮೇಲೆ ನಿಕಾನ್ ದಾರಿ ಬದಲಿಸಿತು’ ಎಂದಿದ್ದೀರಿ. ಲೇಖನ ಇಲ್ಲಿಂದಲೇ ಶುರುವಾಗಬೇಕು. ಎಂ3ರ ಕಿಂಡಿ ದೊಡ್ಡದು, ಬೆಳಕು ಜಾಸ್ತಿ. ಲೆನ್ಸ್ ಬದಲಿಸಿದರೆ ಚೌಕಟ್ಟಿನ ಗೆರೆಗಳೂ ತಾವೇ ಬದಲಾಗುತ್ತವೆ. ನಿಕಾನ್ 1957ರಲ್ಲಿ ಎಸ್‌ಪಿ ಎಂಬ ರೇಂಜ್‌ಫೈಂಡರ್ ತಂದು ಉತ್ತರ ಕೊಟ್ಟಿತು, ಚೆನ್ನಾಗಿಯೇ ಕೊಟ್ಟಿತು. ಆದರೆ ಅದೇ ಎಸ್‌ಪಿಯ ಒಡಲಿಗೆ ಕನ್ನಡಿಪೆಟ್ಟಿಗೆ ಸೇರಿಸುವ ಕೆಲಸವೂ ನಡೆದಿತ್ತು. 1959ರಲ್ಲಿ ಹಾಗೆ ಕನ್ನಡಿಯಿರುವ ನಿಕಾನ್ ಎಫ್ ಬಂತು.

ಯಾಕೆ ಎಂದು ನೀವು ಹೇಳಿಲ್ಲ. ರೇಂಜ್‌ಫೈಂಡರ್‌ನಲ್ಲಿ ಕ್ಯಾಮೆರಾದ ಮುಂಬದಿಯ ಎರಡು ಕಿಂಡಿಗಳಿಂದ ಬಂದ ಬಿಂಬಗಳು ಒಂದಾದಾಗ ಫೋಕಸ್ ಸಿಗುತ್ತದೆ. ಆ ಕಿಂಡಿಗಳ ನಡುವಿನ ಅಂತರ ಬದಲಾಗದು. ದೂರದ್ದನ್ನು ಹತ್ತಿರ ತೋರುವ, 135 ಮಿಲಿಮೀಟರ್ ದಾಟಿದ ಲೆನ್ಸ್ ಹಾಕಿದರೆ ನಿಖರ ಫೋಕಸ್‌ಗೆ ಆ ಅಂತರ ಸಾಲದು, ನೋಡುವ ಚೌಕಟ್ಟೂ ಪುಟ್ಟದಾಗುತ್ತದೆ. ಕನ್ನಡಿಯಿರುವ ಕ್ಯಾಮೆರಾದಲ್ಲಿ ಲೆನ್ಸ್ ಕಂಡದ್ದೇ ಕಣ್ಣಿಗೂ ಕಾಣುತ್ತದೆ. ಕ್ರೀಡೆ, ಕಾಡುಪ್ರಾಣಿ ತೆಗೆಯುವವರಿಗೆ ಇನ್ನೇನು ಬೇಕು? ಈ ಭಾಗಕ್ಕೆ ಒಂದು ಪುಟ ಪೂರ್ತಿ ಕೊಡಿ, ಅವಸರ ಬೇಡ.

ಹಾಗಾಗಿ ನಿಮ್ಮ ತಲೆಬರಹವೂ ನಿಲ್ಲುವುದಿಲ್ಲ. ರೇಂಜ್‌ಫೈಂಡರ್ ಕಣದಲ್ಲಿ ಲೈಕಾ ಸೋಲಲಿಲ್ಲ, ಎದುರಾಳಿಗಳು ಕಣ ಬಿಟ್ಟರು. ದೊಡ್ಡ ಮಾರುಕಟ್ಟೆಯೂ ಅವರ ಹಿಂದೆಯೇ ಹೋಯಿತು. ಫಿಲ್ಮ್ ಹಾಕುವ ರೇಂಜ್‌ಫೈಂಡರ್ ಎಂ6 ಅನ್ನು ಲೈಕಾ 2022ರಲ್ಲಿ ಮತ್ತೆ ಮಾರಾಟಕ್ಕೆ ತಂದಿದೆ, ನೋಡಿ.

ಯುದ್ಧದ ನಂತರ ಕಾಂಟ್ಯಾಕ್ಸ್ ತಯಾರಿಸುವ ಯಂತ್ರಗಳನ್ನು ಸೋವಿಯತ್‌ನವರು ಕೀವ್‌ಗೆ ಸಾಗಿಸಿದ ಪ್ಯಾರಾ ಇಲ್ಲಿ ಬೇಡ. ಅದನ್ನು ಬೇರೆ ಲೇಖನವಾಗಿ ಬರೆದು ಕಳಿಸಿ. ಮೊದಲು ಇದನ್ನು ಮುಗಿಸಿ.