ಕದ್ದವನ ಕ್ರಿಯಾಪದ, ಖುಲಾಸೆಯ ವಿಭಕ್ತಿ

ಪ್ರಶ್ನೆ: ನಾನು ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಅಪರಾಧ ಮತ್ತು ಶಿಕ್ಷೆಗೆ ಸಂಬಂಧಿಸಿದ ನೂರಕ್ಕೂ ಹೆಚ್ಚು ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬಾಯಿಪಾಠ ಮಾಡಿದ್ದೇನೆ. ಆದರೆ ‘ಸೂಪರ್ ಮಾರ್ಕೆಟ್‌ನಲ್ಲಿ ಯಾರೋ ನನ್ನ ಮೊಬೈಲ್ ಕದ್ದರು’ ಎಂಬುದನ್ನು ‘ಸಮ್‌ಬಡಿ ರಾಬ್ಡ್ ಮೈ ಮೊಬೈಲ್’ ಎಂದು ಬರೆದಾಗ ಗುರುಗಳು ಕೆಂಪು ಗೆರೆ ಎಳೆದರು. ತಪ್ಪೇನು?
— ಪರೀಕ್ಷಾರ್ಥಿ, ಕಲಬುರಗಿ

ಉತ್ತರ: ಪದದ ಅರ್ಥ ನಿಮಗೆ ಗೊತ್ತಿದೆ, ಆ ಪದ ಯಾರ ಜೊತೆ ಕೂಡುತ್ತದೆ, ಯಾರ ಜೊತೆ ಕೂಡುವುದಿಲ್ಲ ಎಂಬುದನ್ನು ನಿಮ್ಮ ಪಟ್ಟಿ ಹೇಳಿಲ್ಲ. ಇಂಗ್ಲಿಷಿನಲ್ಲಿ ‘ಸ್ಟೀಲ್’ ಎಂಬ ಕ್ರಿಯಾಪದಕ್ಕೆ ಕಳುವಾದ ವಸ್ತು ಕರ್ಮವಾಗುತ್ತದೆ, ‘ರಾಬ್’ ಎಂಬುದಕ್ಕೆ ವಸ್ತು ಕಳೆದುಕೊಂಡ ವ್ಯಕ್ತಿ ಅಥವಾ ಸ್ಥಳ ಕರ್ಮವಾಗುತ್ತದೆ. ಆದ್ದರಿಂದ ‘ಸಮ್‌ಬಡಿ ಸ್ಟೋಲ್ ಮೈ ಮೊಬೈಲ್’ ಸರಿ, ‘ಐ ವಾಸ್ ರಾಬ್ಡ್’ ಸರಿ, ‘ದೇ ರಾಬ್ಡ್ ದ ಬ್ಯಾಂಕ್’ ಕೂಡ ಸರಿ. ಬ್ಯಾಂಕಿನ ವಿಷಯದಲ್ಲಿ ‘ಸ್ಟೋಲ್’ ಎಂದು ಬರೆದರೆ ಕಟ್ಟಡವನ್ನೇ ಹೊತ್ತೊಯ್ದರು ಎಂದಾಗುತ್ತದೆ. ನೀವು ಎಡವಿದ್ದಕ್ಕೆ ನಮ್ಮ ‘ದೋಚು’ ಎಂಬ ಮಾತೂ ಸ್ವಲ್ಪ ಕಾರಣವಿರಬಹುದು. ‘ಹಣ ದೋಚಿದರು’ ಎನ್ನುತ್ತೇವೆ, ‘ಅಂಗಡಿಯವನನ್ನು ದೋಚಿದರು’ ಎಂದೂ ಎನ್ನುತ್ತೇವೆ; ಎರಡಕ್ಕೂ ಒಗ್ಗುವ ಆ ಔದಾರ್ಯ ಇಂಗ್ಲಿಷಿನ ‘ರಾಬ್’ಗೆ ಇಲ್ಲ.

ನಿಮ್ಮ ಪಟ್ಟಿಯಲ್ಲಿ ‘ಥೆಫ್ಟ್’, ‘ರಾಬರಿ’, ‘ಬರ್ಗ್ಲರಿ’ ಮೂರಕ್ಕೂ ‘ಕಳ್ಳತನ’ ಎಂದೇ ಬರೆದುಕೊಂಡಿರಬಹುದೆಂದು ನನ್ನ ಗುಮಾನಿ. ಭಾವಿ ಪೊಲೀಸ್ ಅಧಿಕಾರಿಗೆ ಇದು ಸಲ್ಲದು. ಯಾರ ಗಮನಕ್ಕೂ ಬಾರದಂತೆ ಜೇಬಿನಿಂದ ಮೊಬೈಲ್ ಎತ್ತಿಕೊಂಡರೆ ಅದು ‘ಥೆಫ್ಟ್’. ಅದನ್ನೇ ಚಾಕು ತೋರಿಸಿ, ಕೂಡಲೇ ಗಾಯ ಮಾಡುವ ಭಯ ಹುಟ್ಟಿಸಿ ಕಸಿದುಕೊಂಡರೆ ‘ರಾಬರಿ’. ರಾಬರಿಯಲ್ಲಿ ಐವರು ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟುಗೂಡಿದ್ದರೆ ಭಾರತದ ಕಾನೂನು ಅದನ್ನು ‘ಡಕಾಯಿಟಿ’ ಎಂದು ಕರೆಯುತ್ತದೆ. ನಾಲ್ವರಿದ್ದರೆ ಆ ಹೆಸರಿಲ್ಲ. 1860ರ ಭಾರತೀಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು ಕ್ರಮವಾಗಿ 303, 309 ಮತ್ತು 310ನೆಯ ಕಲಂಗಳು. 304ನೆಯ ಕಲಂನಲ್ಲಿ ‘ಸ್ನ್ಯಾಚಿಂಗ್’ ಎಂಬ ಹೊಸ ಅಪರಾಧವೂ ಸೇರಿದೆ. ಕೊರಳಿನ ಸರವನ್ನು ಗಬಕ್ಕನೆ ಕಿತ್ತುಕೊಂಡು ಓಡುವುದಕ್ಕೆ ಈಗ ಕಾನೂನಿನಲ್ಲೇ ಹೆಸರುಂಟು. ಇನ್ನು ‘ಬರ್ಗ್ಲರಿ’ ಎಂದರೆ ಕದಿಯುವ ಉದ್ದೇಶದಿಂದ ಕಟ್ಟಡದೊಳಗೆ ನುಗ್ಗುವುದು. ನಮ್ಮ ಹಿರಿಯರ ‘ಕನ್ನ ಹಾಕುವುದು’ ಅದಕ್ಕೆ ಹತ್ತಿರದ ಮಾತು. ಇಂಗ್ಲಿಷ್ ಪತ್ರಿಕೆಗಳು ಈ ಪದವನ್ನು ಧಾರಾಳವಾಗಿ ಬಳಸಿದರೂ ನಮ್ಮ ದಂಡ ಸಂಹಿತೆ ಅದನ್ನು ಬಳಸದೆ ‘ಹೌಸ್ ಬ್ರೇಕಿಂಗ್’ ಎಂದಿತು.

ಆದ್ದರಿಂದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಪತ್ರಿಕೆಯಲ್ಲಿ ಬಂದ ಒಂದು ಪ್ರಕರಣವನ್ನು ಎತ್ತಿಕೊಂಡು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಒಬ್ಬನನ್ನು ಕಳವಿಗಾಗಿ ದಸ್ತಗಿರಿ ಮಾಡಿದರೆ ‘ಅರೆಸ್ಟೆಡ್ ಫಾರ್’, ಅವನ ಮೇಲೆ ಆರೋಪ ಬಂದರೆ ‘ಅಕ್ಯೂಸ್ಡ್ ಆಫ್’, ಅದೇ ಆರೋಪ ವಿಧಿವತ್ತಾಗಿ ದಾಖಲಾದರೆ ‘ಚಾರ್ಜ್ಡ್ ವಿತ್’, ಸಾಬೀತಾದರೆ ‘ಕನ್ವಿಕ್ಟೆಡ್ ಆಫ್’, ಮೂರು ವರ್ಷದ ಶಿಕ್ಷೆಯಾದರೆ ‘ಸೆಂಟೆನ್ಸ್ಡ್ ಟು’, ನಿರ್ದೋಷಿ ಎಂದಾದರೆ ‘ಅಕ್ವಿಟೆಡ್ ಆಫ್’. ಕೊನೆಯದರಲ್ಲಿ ಎಚ್ಚರ ಬೇಕು. ಕನ್ನಡದಲ್ಲಿ ‘ಆರೋಪದಿಂದ ಖುಲಾಸೆ’ ಎಂದು ‘ಇಂದ’ ಎಂಬ ವಿಭಕ್ತಿ ಪ್ರತ್ಯಯ ಬಳಸುವುದರಿಂದ ಕೈ ತಾನಾಗಿಯೇ ‘ಅಕ್ವಿಟೆಡ್ ಫ್ರಮ್’ ಎಂದು ಬರೆಯುತ್ತದೆ. ಭಾಷಾಂತರದ ಪ್ರಶ್ನೆಯಲ್ಲಿ ಅಂಕ ಸೋರುವುದು ಇಂಥ ಸಣ್ಣ ತೂತುಗಳಲ್ಲಿಯೇ.

ಪ್ರಶ್ನೆ: ನಾನು ಬೀದರಿನಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೇನೆ. ಜಾಮೀನು, ಖುಲಾಸೆ, ಸಜಾ, ಆರೋಪಿ ಎಂಬ ಮಾತುಗಳು ದಿನವೂ ಬಾಯಲ್ಲಿ ಆಡುತ್ತವೆ. ಇವುಗಳಿಗೆ ಒಂದೊಂದೇ ಇಂಗ್ಲಿಷ್ ಪದ ಕಲಿತರೆ ಸಾಲದೇ?
— ಓದುಗ, ಬೀದರ್

ಉತ್ತರ: ಸಾಲದು. ನಿಜಾಮರ ಆಡಳಿತದಲ್ಲಿ ಉರ್ದು ನಮ್ಮ ಭಾಗದ ಕಚೇರಿಯ ಭಾಷೆಯಾಗಿದ್ದುದರಿಂದ ಅಂಥ ಪದಗಳು ನಮಗೆ ಹೊರಗಿನವೆನಿಸುವುದೇ ಇಲ್ಲ. ಆದರೆ ಅವು ಕನ್ನಡಕ್ಕೆ ಬಂದು ತಮ್ಮದೇ ಸಂಸಾರ ಹೂಡಿವೆ. ಉರ್ದುವಿನಲ್ಲಿ ‘ಖುಲಾಸಾ’ ಎಂದರೆ ಸಾರಾಂಶ; ನಮ್ಮ ನ್ಯಾಯಾಲಯದ ಕನ್ನಡದಲ್ಲಿ ಅದು ಬಿಡುಗಡೆ. ಬೀದರಿನವರಾದ ತಮಗೆ ಎರಡೂ ಭಾಷೆ ಬರುವುದರಿಂದ ಈ ವ್ಯತ್ಯಾಸ ಇನ್ನಷ್ಟು ಚೆನ್ನಾಗಿ ಹಿಡಿಸೀತು.

‘ಜಾಮೀನು’ ಎಂಬುದನ್ನೇ ನೋಡಿ. ‘ಅವನಿಗೆ ಜಾಮೀನು ಸಿಕ್ಕಿತು’ ಎಂಬಲ್ಲಿ ಅದು ‘ಬೇಲ್’; ‘ನಾನು ಅವನಿಗೆ ಜಾಮೀನು ನಿಂತೆ’ ಎಂಬಲ್ಲಿ ನೀವು ‘ಶ್ಯೂರಿಟಿ’, ಅಂದರೆ ಹೊಣೆಗಾರ. ಮೊದಲನೆಯದಕ್ಕೆ ‘ಹಿ ವಾಸ್ ಗ್ರ್ಯಾಂಟೆಡ್ ಬೇಲ್’ ಎನ್ನಬೇಕು, ಎರಡನೆಯದಕ್ಕೆ ‘ಐ ಸ್ಟುಡ್ ಶ್ಯೂರಿಟಿ ಫಾರ್ ಹಿಮ್’ ಎನ್ನಬೇಕು. ‘ಐ ಗೇವ್ ಬೇಲ್’ ಎಂದರೆ ನ್ಯಾಯಾಧೀಶರ ಕುರ್ಚಿಯಲ್ಲಿ ತಾವೇ ಕುಳಿತಂತೆ ಕೇಳಿಸುತ್ತದೆ. ಹಾಗೆಯೇ ‘ಆರೋಪಿ’ ಎಂಬುದಕ್ಕೆ ‘ದಿ ಅಕ್ಯೂಸ್ಡ್’ ಎನ್ನಬೇಕು. ಒಬ್ಬನಿದ್ದರೂ ಐವರಿದ್ದರೂ ಅದರ ರೂಪ ಒಂದೇ. ‘ಅಕ್ಯೂಸ್ಡ್ಸ್’ ಎಂಬ ಬಹುವಚನವನ್ನು ಟೈಪು ಮಾಡಿದ ಅರ್ಜಿಗಳಲ್ಲಿ ನಾನು ಕಂಡಿದ್ದೇನೆ. ಇಂಗ್ಲಿಷಿನಲ್ಲಿ ಅಂಥ ರೂಪವಿಲ್ಲ. ಆರೋಪಿಯನ್ನು ‘ಕ್ರಿಮಿನಲ್’ ಎಂದು ಬರೆಯುವುದು ಮಾತ್ರ ಭಾಷೆಯ ತಪ್ಪಿಗಿಂತ ದೊಡ್ಡದು, ಏಕೆಂದರೆ ತೀರ್ಪಿಗೆ ಮೊದಲೇ ಅವನನ್ನು ಅಪರಾಧಿಯಾಗಿಸಿದಂತಾಗುತ್ತದೆ. ವಿಚಾರಣೆಗೆ ಸಾಕಷ್ಟು ಆಧಾರವೇ ಇಲ್ಲವೆಂದು ಆರಂಭದಲ್ಲಿಯೇ ಕೈಬಿಟ್ಟರೆ ‘ಡಿಸ್‌ಚಾರ್ಜ್ಡ್’, ವಿಚಾರಣೆ ಮುಗಿದ ಮೇಲೆ ನಿರ್ದೋಷಿ ಎಂದಾದರೆ ‘ಅಕ್ವಿಟೆಡ್’, ಜೈಲಿನ ಬಾಗಿಲು ದಾಟಿ ಹೊರಬಂದರೆ ‘ರಿಲೀಸ್ಡ್’. ನಾವು ಮೂರಕ್ಕೂ ‘ಬಿಡುಗಡೆಯಾಯಿತು’ ಎಂದು ಹೇಳಿ ಮನೆಗೆ ಹೋಗುತ್ತೇವೆ.

ಪ್ರಶ್ನೆ: ‘ಸೆಂಟೆನ್ಸ್’ ಎಂದರೆ ವಾಕ್ಯವೂ ಹೌದು, ಶಿಕ್ಷೆಯೂ ಹೌದು. ಮಕ್ಕಳು ನಗುತ್ತಾರೆ. ‘ಕಮ್ಯೂಟ್’ ಎಂಬುದನ್ನೂ ಹೇಗೆ ವಿವರಿಸಲಿ?
— ಪ್ರೌಢಶಾಲೆಯ ಶಿಕ್ಷಕಿ, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಎರಡೂ ಅರ್ಥಗಳ ಬೇರು ಒಂದೇ, ಅಭಿಪ್ರಾಯ ಎಂಬ ಅರ್ಥದ ಲ್ಯಾಟಿನ್ ಪದ. ನ್ಯಾಯಾಧೀಶನ ಅಭಿಪ್ರಾಯ ಶಿಕ್ಷೆಯಾಯಿತು, ಅಭಿಪ್ರಾಯವನ್ನು ಪೂರ್ತಿಯಾಗಿ ಹೇಳುವ ಮಾತು ವಾಕ್ಯವಾಯಿತು. ‘ಕನ್ವಿಕ್ಷನ್’ ಮತ್ತು ‘ಸೆಂಟೆನ್ಸ್’ ಬೇರೆ ಬೇರೆ ಎಂಬುದನ್ನೂ ಮಕ್ಕಳಿಗೆ ಹೇಳಿ: ಅಪರಾಧಿ ಎಂದು ನಿರ್ಣಯಿಸುವುದು ಮೊದಲನೆಯದು, ಎಷ್ಟು ಶಿಕ್ಷೆ ಎಂದು ಗೊತ್ತುಪಡಿಸುವುದು ಎರಡನೆಯದು. ಕನ್ನಡದ ‘ಅವನಿಗೆ ಶಿಕ್ಷೆಯಾಯಿತು’ ಎಂಬ ಒಂದೇ ಮಾತು ಎರಡನ್ನೂ ನುಂಗಿಕೊಂಡಿದೆ.

‘ಕಮ್ಯೂಟ್’ ಎಂಬುದಕ್ಕೆ ಉದಾಹರಣೆ ತಮ್ಮ ಊರಿನಲ್ಲಿಯೇ ಇದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರಿಗೆ ಮೊದಲು ಮರಣದಂಡನೆ ವಿಧಿಸಲಾಯಿತು, ಬಳಿಕ ಅದು ಆಜೀವ ಗಡೀಪಾರಾಯಿತು, ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು ಎಂದು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ರಾಜರು ಸೆರೆಯ ಸ್ಥಳವನ್ನು ತಲುಪಲೇ ಇಲ್ಲ. ದಾರಿಯಲ್ಲಿಯೇ ಗುಂಡು ತಗುಲಿ ತೀರಿಕೊಂಡರು. ಹೀಗೆ ಒಂದು ಬಗೆಯ ಶಿಕ್ಷೆಯನ್ನು ಅದಕ್ಕಿಂತ ಹಗುರವಾದ ಬೇರೆ ಬಗೆಗೆ ಬದಲಿಸುವುದೇ ‘ಕಮ್ಯೂಟ್’. ಹತ್ತು ವರ್ಷವನ್ನು ಏಳಕ್ಕೆ ಇಳಿಸಿದರೆ ಶಿಕ್ಷೆಯ ಬಗೆ ಬದಲಾಗುವುದಿಲ್ಲ, ಅವಧಿ ಮಾತ್ರ ಕಡಿಮೆಯಾಗುತ್ತದೆ, ಅದು ‘ರೆಮಿಷನ್’. ‘ಡೆತ್ ಸೆಂಟೆನ್ಸ್ ವಾಸ್ ಕಮ್ಯೂಟೆಡ್ ಟು’ ಎಂದು ಹಲಗೆಯ ಮೇಲೆ ಬರೆದು, ಅವನು ವಾಸವಿದ್ದ ಬಂಗಲೆಯಾದ ಟೇಲರ್ ಮಂಜಿಲ್‌ನತ್ತ ಕೈ ತೋರಿದರೆ ಮಕ್ಕಳು ನಗುವುದನ್ನು ಬಿಟ್ಟು ಕೇಳಿಸಿಕೊಳ್ಳುತ್ತಾರೆ. ಇದೇ ಟೇಲರ್ 1839ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ‘ಥಗ್’ ಎಂಬ ಪದ ಇಂಗ್ಲಿಷ್ ಓದುಗರಲ್ಲಿ ಮನೆಮಾತಾಯಿತು. ಅದು ನಮ್ಮ ‘ಠಕ್ಕ’ನ ಬಳಗದ್ದೇ. ‘ಲೂಟ್’, ‘ಡಕಾಯಿಟ್’ ಕೂಡ ಈ ದೇಶದಿಂದಲೇ ಹೋದವು. ಅಪರಾಧದ ಪದಕೋಶದಲ್ಲಿ ಇಂಗ್ಲಿಷಿನವರೂ ನಮ್ಮ ಸಾಲಗಾರರೆಂದು ಹೇಳಿದರೆ ಹಿಂದಿನ ಬೆಂಚಿನವರಿಗೂ ಸ್ವಲ್ಪ ಧೈರ್ಯ ಬಂದೀತು.

ಪ್ರಶ್ನೆ: ಗಲ್ಲಿಗೇರಿಸಲಾಯಿತು ಎನ್ನಲು ‘ಹಂಗ್’ ಸರಿಯೋ, ‘ಹ್ಯಾಂಗ್ಡ್’ ಸರಿಯೋ?
— ವಿದ್ಯಾರ್ಥಿನಿ, ಹುಮನಾಬಾದ್

ಉತ್ತರ: ಮನುಷ್ಯನಿಗಾದರೆ ‘ಹ್ಯಾಂಗ್ಡ್’, ಗೋಡೆಯ ಕ್ಯಾಲೆಂಡರಿಗಾದರೆ ‘ಹಂಗ್’.