ಗಾರ್ಮೆಂಟ್ಸ್ ಅಕ್ಕನ ಪಕ್ಷೇತರ ನಾಮಪತ್ರ ಯಾಕೆ ಬಿತ್ತು: ಪ್ರತಿಕ್ರಿಯೆ

ನಿಮ್ಮ ಬೀದಿಯ ಗಾರ್ಮೆಂಟ್ಸ್ ಅಕ್ಕನ ನಾಮಪತ್ರ ಯಾಕೆ ತಿರಸ್ಕೃತವಾಯಿತು ಎಂದು ಕೇಳಿದ್ದೀರಿ. ತೊಂದರೆ ಬಹುಶಃ ಸೂಚಕರದ್ದೇ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರದ್ದು. ವಿಧಾನಸಭೆಗೆ ನಿಂತ ಅಕ್ಕನಿಗೆ 10 ಸೂಚಕರಿದ್ದರು, ಇಬ್ಬರದು ಸಹಿಯ ಬದಲು ಹೆಬ್ಬೆಟ್ಟು ಎಂದಿದ್ದೀರಿ. ಹೆಬ್ಬೆಟ್ಟನ್ನು ಮನೆಯಲ್ಲಿ ಒತ್ತಿಸಿ ತಂದರೆ ನಡೆಯುವುದಿಲ್ಲ. ಚುನಾವಣಾಧಿಕಾರಿ ಅಥವಾ ಆಯೋಗ ಸೂಚಿಸಿದ ಅಧಿಕಾರಿಯ ಎದುರೇ ಒತ್ತಿ ದೃಢೀಕರಿಸಿಕೊಳ್ಳಬೇಕು. ತಿರಸ್ಕಾರದ ಆದೇಶ ನೋಡದೆ ಖಚಿತವಾಗಿ ಹೇಳಲಾರೆ. ಅದರಲ್ಲಿ ಕಾರಣ ಲಿಖಿತವಾಗಿ ಇರಲೇಬೇಕು, ಮೊದಲು ಆ ಪ್ರತಿ ಕೇಳಿ ಪಡೆಯಿರಿ.

ಮುಂದಿನ ಸಲ ಮತದಾರರ ಪಟ್ಟಿಯಿಂದ ಶುರು ಮಾಡಿ. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು; ಕೆಲವು ಊರುಗಳಲ್ಲಿ ರಸ್ತೆಯ ಆಚೆ ಬದಿಯೇ ಬೇರೆ ಕ್ಷೇತ್ರವಾಗಿರುತ್ತದೆ. ಪ್ರತಿ ಸೂಚಕರ ಭಾಗ ಸಂಖ್ಯೆ, ಕ್ರಮಸಂಖ್ಯೆ ಆ ಪಟ್ಟಿ ನೋಡಿಯೇ ಬರೆಯಿರಿ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣಾ ಖರ್ಚಿಗೆಂದೇ ಬ್ಯಾಂಕ್ ಖಾತೆ ತೆರೆಯಿರಿ. ಆಮೇಲೆ ಆಸ್ತಿ, ಸಾಲ ಮುಂತಾದ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರ, ನೋಟರಿ ಸಹಿತ. ಆಸ್ತಿಯಿಲ್ಲವೆಂದು ಕಾಲಂ ಖಾಲಿ ಬಿಡಬೇಡಿ, ಗೆರೆಯನ್ನೂ ಎಳೆಯಬೇಡಿ. 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಬರೆಯಿರಿ. ಗಂಡನ ಹೆಸರಿನ ಸಾಲವೂ ಸೇರಬೇಕು.

ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಚೆಕ್ ನಡೆಯದು, ನಗದು ಒಯ್ಯಿರಿ. ಅದೇ ಠೇವಣಿಯಲ್ಲಿ 4 ಸೆಟ್ ನಾಮಪತ್ರದವರೆಗೆ ಸಲ್ಲಿಸಬಹುದು, ಹಾಗಾಗಿ ಬೇರೆ 10 ಸೂಚಕರ ಇನ್ನೊಂದು ಸೆಟ್ ಖಂಡಿತ ಕೊಡಿ. ಸಲ್ಲಿಸಿದ ಕೂಡಲೇ ಅಲ್ಲೇ ಅಭ್ಯರ್ಥಿ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವಚನ ಮುಗಿಸಲಿ. ನಾಮಪತ್ರಗಳ ಪರಿಶೀಲನೆಯ ದಿನಕ್ಕೆ ಉಳಿಸಿಕೊಂಡರೆ ತಡವಾಯಿತು.